ಊಟದ ಮಾತು: ಎಂಟು ಸ್ಟೂಲಿನ ರಾಮೆನ್ ಅಂಗಡಿ

ಪ್ರಶ್ನೆ: ಅಕ್ಕಾ, ಮಗ ಟೋಕಿಯೋದಲ್ಲಿ ಕೆಲಸದಲ್ಲಿದ್ದಾನೆ. ಬರುವ ತಿಂಗಳು ನಾನೂ ನಮ್ಮ ಯಜಮಾನರೂ ಹೊರಟಿದ್ದೇವೆ. ಅವನ ಮನೆಯ ಹತ್ತಿರ ಒಂದು ಪುಟ್ಟ ಹೋಟೆಲ್ ಇದೆಯಂತೆ. ಬೆಳಿಗ್ಗೆ ನಾಷ್ಟಾ, ಮಧ್ಯಾಹ್ನ ರಾಮೆನ್ ಅನ್ನುವ ರಸದ ನೂಡಲ್ಸ್. ಎಂಟು ಜನ ಕೂತರೆ ಜಾಗ ಮುಗಿಯಿತು. ಬಂದ ಮರುದಿನವೇ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಯಜಮಾನರು ಮೊಟ್ಟೆ, ಮೀನು, ಮಾಂಸ ಎಲ್ಲ ತಿನ್ನುತ್ತಾರೆ. ನಾನು ಯಾವುದೂ ಮುಟ್ಟುವುದಿಲ್ಲ. ನನಗೆ ಅಲ್ಲಿ ಏನಾದರೂ ಸಿಗುತ್ತದಾ? ಹೇಗೆ ಕೂರಬೇಕು, ಹೇಗೆ ತಿನ್ನಬೇಕು ಅಂತಲೂ ಹೇಳಿ.
– ಓದುಗರೊಬ್ಬರು, ಸೇಡಂ

ಉತ್ತರ: ಹೋಗಿ ತಂಗಿ, ಖಂಡಿತ ಹೋಗಿ. ಆದರೆ ನೀವು ಬೆಳಿಗ್ಗೆ ಹೋಗಿ. ಮಧ್ಯಾಹ್ನದ ರಾಮೆನ್ ಯಜಮಾನರಿಗೆ ಬಿಡಿ.

ಮಗಳ ಬಾಣಂತನಕ್ಕೆ ಅಂತ ನಾನು ಟೋಕಿಯೋದಲ್ಲಿ ಮೂರು ತಿಂಗಳು ಇದ್ದೆ. ಅವರ ಓಣಿಯಲ್ಲೂ ಇಂಥದ್ದೇ ಒಂದು ಅಂಗಡಿ ಇತ್ತು. ನಮ್ಮ ಕಲಬುರಗಿ ಗಂಜ್ ಕಡೆಯ ಖಾನಾವಳಿಯ ಅರ್ಧದಷ್ಟೂ ಇಲ್ಲ. ಬಾಗಿಲಿಗೆ ನೀಲಿ ಬಟ್ಟೆಯ ಪರದೆ. ಅದನ್ನು ಸರಿಸಿ ಒಳಗೆ ಹೋದರೆ ಉದ್ದಕ್ಕೆ ಒಂದು ಮರದ ಹಲಗೆ, ಈಚೆ ಎಂಟು ಎತ್ತರದ ಸ್ಟೂಲು, ಆಚೆ ಒಲೆ. ಅಡುಗೆಗೆ, ಬಡಿಸಲಿಕ್ಕೆ, ಪಾತ್ರೆ ತೊಳೆಯಲಿಕ್ಕೆ ಎಲ್ಲ ಸೇರಿ ಗಂಡ ಹೆಂಡತಿ ಇಬ್ಬರೇ.

ಒಳಗೆ ಹೋದ ಕೂಡಲೇ ಕೂರಬೇಡಿ. ಬಾಗಿಲ ಪಕ್ಕ ಒಂದು ಮಷಿನ್ ಇರುತ್ತದೆ. ದುಡ್ಡು ಹಾಕಿ ಬೇಕಾದ ಊಟದ ಗುಂಡಿ ಒತ್ತಿದರೆ ಚೀಟಿ ಬರುತ್ತದೆ. ಅದನ್ನು ಹಲಗೆಯ ಮೇಲೆ ಇಟ್ಟರೆ ಸಾಕು, ಮಾತೇ ಬೇಕಿಲ್ಲ. 1,000 ಯೆನ್ ನೋಟಿನ ಜತೆಗೆ 100 ಯೆನ್ ನಾಣ್ಯಗಳನ್ನೂ ಇಟ್ಟುಕೊಳ್ಳಿ. 2024ರ ಜುಲೈನಲ್ಲಿ ಅಲ್ಲಿ ಹೊಸ ನೋಟು ಬಂದವು. ಹಳೆಯ ಮಷಿನ್ ಕೆಲವು ಅದನ್ನು ತೆಗೆದುಕೊಳ್ಳುವುದಿಲ್ಲ. ನಾನಿದ್ದಾಗ ಆ ಓಣಿಯ ಅಂಗಡಿಯಲ್ಲಿ ನಾಷ್ಟಾ 700, ರಾಮೆನ್ 950 ಯೆನ್ ಇತ್ತು. ಒಂದು ಯೆನ್ ಅಂದರೆ ಅರ್ಧ ರೂಪಾಯಿಗಿಂತ ಸ್ವಲ್ಪ ಜಾಸ್ತಿ.

ಈಗ ನಿಮ್ಮ ನಾಷ್ಟಾದ ವಿಷಯ. ತಟ್ಟೆಯಲ್ಲಿ ಬಿಸಿ ಅನ್ನ, ಮಿಸೊ ಸಾರು, ಉಪ್ಪು ಹಚ್ಚಿ ಸುಟ್ಟ ಮೀನಿನ ತುಂಡು, ಸುರುಳಿ ಸುತ್ತಿದ ಆಮ್ಲೆಟ್, ಉಪ್ಪಿನಕಾಯಿ, ಹಾಳೆಯ ಹಾಗೆ ತೆಳ್ಳಗಿರುವ ನೋರಿ ಇರುತ್ತವೆ. ನೋರಿ ಸಮುದ್ರದ ಪಾಚಿ, ಮಸಾಲೆ ಹಚ್ಚದ್ದಾದರೆ ನೀವು ತಿನ್ನಬಹುದು. ಮೀನು, ಮೊಟ್ಟೆ ಕಣ್ಣಿಗೆ ಕಾಣುತ್ತವೆ, ಬಿಡಬಹುದು. ಕಷ್ಟ ಇರುವುದು ಕಾಣದ್ದರಲ್ಲಿ. ಮಿಸೊ ಅಂದರೆ ಸೋಯಾ ಕಾಳು ಹುಳಿ ಬರಿಸಿ ಮಾಡಿದ ಮುದ್ದೆ, ಅದರಲ್ಲಿ ಮೀನಿಲ್ಲ. ಆದರೆ ಅದನ್ನು ಕದಡುವ ನೀರು ಇದೆಯಲ್ಲ, ಅದನ್ನು ದಾಶಿ ಅನ್ನುತ್ತಾರೆ. ಹೆಚ್ಚಾಗಿ ಒಣಗಿಸಿ ಹೆರೆದ ಮೀನಿನಿಂದ ತೆಗೆದ ರಸ ಅದು. ನನ್ನ ಜತೆ ಬಂದಿದ್ದ ಬೀಗಿತ್ತಿ ನಿಮ್ಮ ಹಾಗೆಯೇ ಏನೂ ಮುಟ್ಟದವರು. ಎರಡು ವಾರ ದಿನಾ ಆ ಸಾರು ಕುಡಿದಿದ್ದರು. ಗೊತ್ತಾದ ದಿನ ಅವರು ಊಟವನ್ನೇ ಮಾಡಲಿಲ್ಲ. ನಾವು ಮೊದಲೇ ಕೇಳಬೇಕಿತ್ತು ಅಂತ ಇವತ್ತಿಗೂ ನನಗೆ ಬೇಸರವಿದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮಗನ ಕೈಯಲ್ಲಿ ಜಪಾನಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ಮಾಂಸ ಬೇಡ, ಮೊಟ್ಟೆ ಬೇಡ, ಮೀನು ಬೇಡ, ಮೀನಿನ ದಾಶಿಯೂ ಬೇಡ. ಕೊನೆಯ ಮಾತು ಬಿಟ್ಟರೆ ಉಳಿದ ಮೂರು ಬರೆದೂ ಪ್ರಯೋಜನವಿಲ್ಲ. ಬರೀ 'ಸಸ್ಯಾಹಾರಿ' ಅಂದರೆ ತುಂಡು ತೆಗೆದು ರಸ ಕೊಡುತ್ತಾರೆ. ಅವರಿಗೆ ಅದು ತಪ್ಪು ಅನ್ನಿಸುವುದಿಲ್ಲ.

ಅಂಥದ್ದೇ ಒಂದು ಚೀಟಿ ನೋಡಿ ನಮ್ಮ ಓಣಿಯ ಅಂಗಡಿಯಾಕೆ ಬೀಗಿತ್ತಿಗೆ ಏನು ಕೊಟ್ಟಳು ಗೊತ್ತಾ? ಅನ್ನ, ಮೇಲೆ ಮೀನಿನ ಪುಡಿ ಉದುರಿಸದ ತಣ್ಣನೆಯ ತೋಫು (ಸೋಯಾ ಹಾಲಿನ ಪನೀರು), ಹೆಚ್ಚಿದ ಶುಂಠಿ, ನೋರಿ, ಜತೆಗೆ ಒಂದು ಉಮೆಬೊಶಿ. ಉಮೆ ಅನ್ನುವ ಹುಳಿ ಹಣ್ಣನ್ನು ಉಪ್ಪಿನಲ್ಲಿ ನೆನೆಹಾಕಿ ಬಿಸಿಲಿಗೆ ಒಣಗಿಸಿದ್ದು. ಬೀಗಿತ್ತಿ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ, "ಇದು ನಮ್ಮ ಅವ್ವ ಹಾಕ್ತಿದ್ದ ನಿಂಬಿಕಾಯಿನ ಉಪ್ಪಿನಕಾಯಿ" ಅಂದರು. ಅಷ್ಟರಿಂದಲೇ ಒಂದು ಬಟ್ಟಲು ಅನ್ನ ಖಾಲಿಯಾಯಿತು.

ನತ್ತೊ ಅಂತ ಇನ್ನೊಂದು ಇದೆ. ಸೋಯಾ ಕಾಳು ಹುಳಿ ಬಂದು ಬೆಂಡೆಕಾಯಿಯ ಲೋಳೆಯ ಹಾಗೆ ನೂಲು ಬಿಡುತ್ತದೆ. ವಾಸನೆ ಜೋರು. ಕಾಳು ತಿನ್ನಬಹುದು, ಆದರೆ ಜತೆಗೆ ಕೊಡುವ ಸಣ್ಣ ಪೊಟ್ಟಣದ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ. ಅದನ್ನು ಒಡೆಯಬೇಡಿ. ಯಜಮಾನರಿಗೆ ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಒಡೆದು ಕೊಡಬಹುದು. ಅಲ್ಲಿ ತಿನ್ನಲಿ. ಹಸಿಯಾಗಿ ತಿನ್ನುತ್ತಾರೆ ಅಂತಲೇ ಲೆಕ್ಕ ಹಾಕಿ ಆ ಮೊಟ್ಟೆಗೆ ತಾರೀಖು ಹಾಕಿರುತ್ತಾರೆ. ಸೇಡಂಗೆ ಬಂದ ಮೇಲೆ ಮಾತ್ರ ಇದನ್ನು ಮಾಡಬೇಡಿ.

ರಾಮೆನ್ ಮಾಡುವುದನ್ನು ನೀವೂ ಪಕ್ಕದಲ್ಲಿ ಕೂತು ನೋಡಿ, ನೋಡುವಂಥದ್ದು. ಬಿಸಿ ನೀರು ಹಾಕಿ ಬೆಚ್ಚಗೆ ಮಾಡಿದ ಬಟ್ಟಲಿನ ತಳಕ್ಕೆ ಮೊದಲು ಒಂದು ಸೌಟು ಕಪ್ಪು ಸೋಯಾ ರಸ ಬೀಳುತ್ತದೆ. ಅದಕ್ಕೆ ತಾರೆ ಅನ್ನುತ್ತಾರೆ, ಉಪ್ಪೆಲ್ಲ ಇರುವುದು ಅದರಲ್ಲೇ. ಆಮೇಲೆ ಒಂದು ಚಮಚ ಎಣ್ಣೆ. ಮೇಲಿಂದ ಕುದಿಯುವ ರಸ ಸುರಿಯುತ್ತಿದ್ದ ಹಾಗೆ ಕಪ್ಪು ಬಣ್ಣ ತಳದಿಂದ ಎದ್ದು ಬಟ್ಟಲೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಅಂಗಡಿಯಾತ ಹಿಡಿಕೆಯ ಜರಡಿಯಲ್ಲಿ ಬೇಯುತ್ತಿದ್ದ ಎಳೆಗಳನ್ನು ಎತ್ತಿ ಜೋರಾಗಿ ಝಾಡಿಸುತ್ತಾನೆ. ನೀರೆಲ್ಲ ನೆಲಕ್ಕೆ ಚಿಮ್ಮುತ್ತದೆ. ಎಳೆಗಳನ್ನು ರಸಕ್ಕೆ ಬಿಟ್ಟು, ಕಡ್ಡಿಯಲ್ಲಿ ಒಮ್ಮೆ ಎತ್ತಿ, ತಲೆ ಬಾಚಿದ ಹಾಗೆ ಮಡಚಿ ಇಡುತ್ತಾನೆ. ಎಲ್ಲ ಸೇರಿ ಎರಡು ನಿಮಿಷ.

ಆ ಎರಡು ನಿಮಿಷದ ಹಿಂದೆ ಗಂಟೆಗಟ್ಟಲೆ ಕುದಿಸಿದ ಎಲುಬಿನ ರಸ ಇರುತ್ತದೆ. ಯಜಮಾನರು ದರ್ಗಾ ಕಡೆ ನಸುಕಿನಲ್ಲಿ ನಹಾರಿ ತಿಂದವರಾದರೆ ಆ ರುಚಿ ಅವರಿಗೆ ತಕ್ಷಣ ಗೊತ್ತಾಗುತ್ತದೆ. ತೊನ್ಕೊತ್ಸು ಅಂತ ಬರೆದಿದ್ದರೆ ಅದು ಹಂದಿ ಎಲುಬಿನದು, ಫುಕುವೊಕಾ ಕಡೆಯ ರುಚಿ. ಶೋಯು ಅಂದರೆ ಸೋಯಾ ಸಾಸಿನದು, ರಸ ಹೆಚ್ಚಾಗಿ ಕೋಳಿಯದು. ಆದರೂ ಮೇಲೆ ಇಡುವ ಚಾಶು ಅನ್ನುವ ಮಾಂಸದ ತುಂಡು ಸಾಮಾನ್ಯವಾಗಿ ಹಂದಿಯದೇ. ಬೇಡವಾದರೆ ಮೊದಲೇ ಹೇಳಿ. ನಾನು ಹಾಗೇ ಹೇಳಿ ತಿನ್ನುತ್ತಿದ್ದೆ.

ಬಟ್ಟಲು ಮುಂದೆ ಬಂದ ಮೇಲೆ ಮಾತು ಬೇಡ. ಒಂದು ದಿನ ನಾನು ತಂಗಿಗೆ ವಿಡಿಯೋ ಕಾಲ್ ಮಾಡಿ ಬಟ್ಟಲು ತೋರಿಸುತ್ತಾ ಕೂತೆ. ಹತ್ತು ನಿಮಿಷಕ್ಕೆ ಎಳೆಗಳು ರಸ ಕುಡಿದು ಉಬ್ಬಿ ಮೆತ್ತಗಾದವು. ಹೊರಗೆ ಚಳಿಯಲ್ಲಿ ಐದು ಜನ ಕಾಯುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಆದರೆ ಆತ ನನ್ನ ಬಟ್ಟಲಿನ ಕಡೆ ನೋಡಿದ ನೋಟ ಮರೆಯಲಾರೆ. ಖಾನಾವಳಿಯಲ್ಲಿ ಹೆಂಚಿನಿಂದ ಇಳಿದ ಬಿಸಿ ರೊಟ್ಟಿ ತಟ್ಟೆಗೆ ಬಿದ್ದಾಗ, ತಟ್ಟಿದ ಅವ್ವನ ಎದುರೇ ಅದನ್ನು ಆರಲು ಬಿಡುತ್ತೇವಾ? ಇದೂ ಹಾಗೇ ಅಲ್ವಾ. ಸೊರ್ ಅಂತ ಸದ್ದು ಮಾಡಿ ಎಳೆದುಕೊಳ್ಳಿ. ಅಲ್ಲಿ ಅದು ತಪ್ಪಲ್ಲ. ಗಾಳಿ ಸೇರಿ ಬಿಸಿ ತಗ್ಗುತ್ತದೆ, ಘಮವೂ ಹತ್ತುತ್ತದೆ. ಮುಗಿದ ಮೇಲೆ ಬಟ್ಟಲು ಎತ್ತಿ ಹಲಗೆಯ ಮೇಲಿನ ಕಟ್ಟೆಗೆ ಇಟ್ಟು "ಗೊಚಿಸೋಸಾಮಾ" (ಊಟಕ್ಕೆ ಧನ್ಯವಾದ) ಅಂದು ಎದ್ದುಬಿಡಿ. ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚಬೇಡಿ, ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸಬೇಡಿ. ಎರಡೂ ಅಲ್ಲಿ ಸಾವಿನ ಮನೆಯ ಕ್ರಮ. ಟಿಪ್ಸ್ ಕೊಡುವ ರೂಢಿ ಇಲ್ಲ.

ನಿಮಗೂ ರಾಮೆನ್ ತಿನ್ನುವ ಆಸೆ ಇದ್ದರೆ ಟೋಕಿಯೋ ಸ್ಟೇಶನ್ನಿನ ಟಿಕೆಟ್ ಗೇಟ್ ಒಳಗೆ ಟೀಸ್ ತಂತನ್ ಅನ್ನುವ ಅಂಗಡಿಯಿದೆ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಎಳ್ಳಿನ ರಸದಲ್ಲಿ ಮಾಡುತ್ತಾರೆ, ನಮ್ಮ ಬಾಯಿಗೆ ಹತ್ತಿರ. ಇನ್ನೂ ಎರಡು ದಿನ ಬಿಡುವಿದ್ದರೆ ಕೋಯಾ ಬೆಟ್ಟಕ್ಕೆ ಹೋಗಿ. ಅಲ್ಲಿನ ಬೌದ್ಧ ಮಠಗಳಲ್ಲಿ ಉಳಿದುಕೊಳ್ಳಬಹುದು. ಬೆಳಗಿನ ಪೂಜೆಯಾದ ಮೇಲೆ ಶೋಜಿನ್ ಅನ್ನುವ ಮಠದ ಸಸ್ಯಾಹಾರಿ ನಾಷ್ಟಾ ಕೊಡುತ್ತಾರೆ. ಆ ಅಡುಗೆಯ ದಾಶಿ ಕೊಂಬು ಪಾಚಿ ಮತ್ತು ಒಣ ಅಣಬೆಯದು. 1908ರಲ್ಲಿ ಇಕೆದಾ ಕಿಕುನಾಯೆ ಅನ್ನುವ ವಿಜ್ಞಾನಿ ಉಮಾಮಿ ಅನ್ನುವ, ಸಾರಿಗೆ ಸ್ವಾದ ಕೊಡುವ ಐದನೆಯ ರುಚಿಯ ಮೂಲವನ್ನು ಹುಡುಕಿ ತೆಗೆದದ್ದು ಇದೇ ಕೊಂಬು ಪಾಚಿಯಿಂದ. ನಮ್ಮ ಸನ್ನತಿಯ ಬೌದ್ಧ ಸ್ತೂಪ ನೋಡಿ ಬೆಳೆದವಳು ನಾನು. ಅಷ್ಟು ದೂರದ ಮಠದ ಪಂಕ್ತಿಯಲ್ಲಿ ಕೂತಾಗ ಎದೆ ತುಂಬಿ ಬಂತು.

ಪ್ರಶ್ನೆ: ಮೇಡಂ, ಪ್ಯಾಕೆಟ್‌ನಲ್ಲಿ ಸಿಗುವ ರಾಮೆನ್ ಮತ್ತು ಹೋಟೆಲ್ ರಾಮೆನ್ ಒಂದೇನಾ? ರೂಮಿನಲ್ಲಿ ಮಾಡಬಹುದಾ?
– ವಿದ್ಯಾರ್ಥಿ, ಯಾದಗಿರಿ

ಉತ್ತರ: ಒಂದೇ ಅಲ್ಲ. ಪ್ಯಾಕೆಟ್ಟಿನದು 1958ರಲ್ಲಿ ಜಪಾನಿನ ಅಂದೋ ಮೊಮೊಫುಕು ಅನ್ನುವ ಉದ್ಯಮಿ ಶುರು ಮಾಡಿದ್ದು. ಬೇಯಿಸಿದ ಎಳೆಯನ್ನು ಎಣ್ಣೆಯಲ್ಲಿ ಕರಿದು ಒಣಗಿಸುತ್ತಾರೆ. ಅಂಗಡಿಯ ಎಳೆ ಹಸಿಯದು. ಗೋಧಿ ಹಿಟ್ಟಿಗೆ ಕನ್ಸುಯಿ ಅನ್ನುವ ಕ್ಷಾರದ ನೀರು ಹಾಕಿ ನಾದುತ್ತಾರೆ. ಹಪ್ಪಳದ ಹಿಟ್ಟಿಗೆ ಪಾಪಡಖಾರ ಹಾಕುವುದಿಲ್ಲವೇ, ಅದೇ ಜಾತಿಯದು. ಅದರಿಂದಲೇ ಆ ಹಳದಿ ಬಣ್ಣ, ಆ ಜಗ್ಗು.

ರೂಮಿನಲ್ಲಿ ಹೀಗೆ ಮಾಡಿ ನೋಡಪ್ಪಾ. ದೊಡ್ಡ ಪಾತ್ರೆಯಲ್ಲಿ ಒಂದು ಲೀಟರ್ ನೀರು ಕುದಿಸಿ ಒಂದು ಸಣ್ಣ ಚಮಚ ಅಡುಗೆ ಸೋಡಾ ಹಾಕು. ನೊರೆ ಉಕ್ಕುತ್ತದೆ, ಹುಷಾರು. ಅದರಲ್ಲಿ ಸ್ಪಗೆಟ್ಟಿ ಬೇಯಿಸು. ರಸಕ್ಕೆ ಒಣ ಅಣಬೆ ನೆನೆಸಿದ ನೀರು, ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್, ಹುರಿದು ಅರೆದ ಎಳ್ಳು. ಮೇಲೆ ಅರ್ಧ ಚಮಚ ಶೇಂಗಾ ಹಿಂಡಿ ಉದುರಿಸು. ಜಪಾನಿನವರು ಹೀಗೆ ಮಾಡುವುದಿಲ್ಲ, ಆದರೆ ನನ್ನ ಮೊಮ್ಮಗನಿಗೆ ಇದೇ ಬೇಕು.

ಪ್ರಶ್ನೆ: ಕಲಬುರಗಿಯಲ್ಲಿ ಹತ್ತಡಿ ಅಗಲದ ಮಳಿಗೆ ಇದೆ. ಇಷ್ಟು ಸಣ್ಣ ಜಾಗದಲ್ಲಿ ಹೋಟೆಲ್ ನಡೆಯುತ್ತದಾ?
– ಓದುಗರು, ಸೂಪರ್ ಮಾರ್ಕೆಟ್, ಕಲಬುರಗಿ

ಉತ್ತರ: ನಡೆಯುತ್ತದೆ ತಮ್ಮಾ. ಆ ಗಂಡ ಹೆಂಡತಿಯ ಅಂಗಡಿಯ ಹೊರಗೆ ಕಾಯುತ್ತಾ ನಾನು ಲೆಕ್ಕ ಹಾಕಿದ್ದೇನೆ. ಒಬ್ಬೊಬ್ಬರು ಹದಿನೈದು ನಿಮಿಷದಲ್ಲಿ ಏಳುತ್ತಾರೆ. ಎಂಟು ಸ್ಟೂಲು ಅಂದರೆ ಗಂಟೆಗೆ ಮೂವತ್ತೆರಡು ಜನ ಆಯಿತು. ದುಡ್ಡು ಎಣಿಸುವ ಕೆಲಸ ಮಷಿನ್‌ಗೆ. ಬೆಳಿಗ್ಗೆ ಒಂದೇ ತಟ್ಟೆ, ಮಧ್ಯಾಹ್ನ ಎರಡೇ ಬಗೆ. ರಸ ಮುಗಿದರೆ ಪರದೆ ಒಳಗೆ ಎಳೆದು ಬಾಗಿಲು ಹಾಕುತ್ತಾರೆ.

ನೀವು ಮೂವತ್ತು ಪದಾರ್ಥದ ಬೋರ್ಡ್ ಹಾಕಬೇಡಿ. ಬಿಸಿ ರೊಟ್ಟಿ, ಪುಂಡಿಪಲ್ಲೆ, ನಮ್ಮದೇ ತೊಗರಿಯ ಕಟ್ಟಿನ ಸಾರು. ಇಷ್ಟನ್ನೇ ದಿನವೂ ಚೆನ್ನಾಗಿ ಮಾಡಿ. ರೊಟ್ಟಿ ತಟ್ಟುವವರನ್ನು ಹಿಂದಿನ ಕೋಣೆಯಲ್ಲಿ ಕೂರಿಸಬೇಡಿ, ಗಿರಾಕಿಯ ಎದುರೇ ಕೂರಿಸಿ. ಬಾಗಿಲು ತೆಗೆಯುವ ದಿನ ಒಂದು ಕಾರ್ಡ್ ಹಾಕಿ, ಬೀಗಿತ್ತಿಯನ್ನೂ ಕರೆದುಕೊಂಡು ಬರುತ್ತೇನೆ.