ಧ್ವನಿಮುದ್ರಣಕ್ಕೆ ಗುರುತು ಹಚ್ಚುವ ಬಗೆ

ಪ್ರಶ್ನೆ: ಗಾಜು ಒಡೆಯುವುದು, ನಾಯಿ ಬೊಗಳುವುದು ಮುಂತಾದ ಸದ್ದುಗಳನ್ನು ಪತ್ತೆಹಚ್ಚುವ ಕಂಪ್ಯೂಟರ್ ಮಾದರಿಯ ತರಬೇತಿಗಾಗಿ ನೂರಾರು ಗಂಟೆಗಳ ಧ್ವನಿಮುದ್ರಣ ನನ್ನಲ್ಲಿದೆ. ಅಷ್ಟನ್ನೂ ಕೇಳಿ ಗುರುತು ಹಾಕಲೇಬೇಕೆ?

ಉತ್ತರ: ಬೇಕಿಲ್ಲ. ಪ್ರತಿ ಸದ್ದಿನ ಆರಂಭ ಮತ್ತು ಅಂತ್ಯವನ್ನು ಗುರುತಿಸುವುದು ಬಹಳ ಶ್ರಮದ ಕೆಲಸವಾದ್ದರಿಂದ, 2017ರಲ್ಲಿ ಗೂಗಲ್ ಪ್ರಕಟಿಸಿದ, ಗುರುತು ಹಚ್ಚಿದ ಸದ್ದುಗಳ ಸಂಗ್ರಹವಾದ ಆಡಿಯೋಸೆಟ್‌ನಲ್ಲಿ ಮಾಡಿದಂತೆ, 10 ಸೆಕೆಂಡುಗಳ ತುಣುಕುಗಳಿಗೆ ‘ಈ ಸದ್ದು ಇದೆ’ ಎಂಬಷ್ಟೇ ಗುರುತು ಕೊಟ್ಟು ಆರಂಭಿಸಬಹುದು. ಹೀಗೆ ತರಬೇತಿ ಪಡೆದ ಮಾದರಿಯು ಯಾವ ತುಣುಕುಗಳಲ್ಲಿ ತಡವರಿಸುತ್ತದೆಯೋ ಅವನ್ನೇ ಆಯ್ದು, ಸ್ಪೆಕ್ಟ್ರೋಗ್ರಾಮ್ (ಸದ್ದಿನ ಆವರ್ತನಗಳು ಕಾಲಕ್ರಮದಲ್ಲಿ ಬದಲಾಗುವುದನ್ನು ತೋರಿಸುವ ಚಿತ್ರ) ನೋಡುತ್ತ ನಿಖರ ಸಮಯವನ್ನು ಗುರುತಿಸಿದರೆ ಶ್ರಮ ಸಾರ್ಥಕವಾಗುತ್ತದೆ. ಪರೀಕ್ಷೆಗೆ ಮೀಸಲಿಡುವ ಭಾಗವನ್ನು ಮಾತ್ರ ಹೀಗೆ ಆಯದೆ, ಯಾದೃಚ್ಛಿಕವಾಗಿ ತೆಗೆದು, ಇಬ್ಬರು ಪ್ರತ್ಯೇಕವಾಗಿ ಪೂರ್ತಿ ಕೇಳಿ ಗುರುತಿಸಬೇಕು. ಅಲ್ಲಿ ಶ್ರಮದ ಉಳಿತಾಯವನ್ನು ನಾನು ಖಂಡಿತ ಒಪ್ಪುವುದಿಲ್ಲ.