ಜ್ವರ ಮರುಕಳಿಸುತ್ತದೆ, ವೈಭವ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಹೂಳೆತ್ತಿದ ಕೆರೆಯೊಂದರ ಲೇಖನಕ್ಕೆ ‘ಗತವೈಭವ ಮರುಕಳಿಸಿದ ಕೆರೆ’ ಎಂದು ತಲೆಬರಹ ಕೊಟ್ಟಿದ್ದೀರಿ. ನನ್ನ ತಾಯಿ ಈ ಮಾತನ್ನು ಜ್ವರಕ್ಕೆ ಮಾತ್ರ ಆಡುತ್ತಿದ್ದರು. ಅವರ ಬಾಯಲ್ಲಿ ಅದನ್ನು ಕೇಳಿದರೆ ನಮಗೆಲ್ಲ ಭಯ. ವೈಭವವೂ ಮರುಕಳಿಸುತ್ತದೆಯೇ? ಇನ್ನೊಂದು ಪ್ರಶ್ನೆ. ಬಿಟ್ಟ ಚಟಕ್ಕೆ ಮತ್ತೆ ಬೀಳುವುದಕ್ಕೆ ಕನ್ನಡದಲ್ಲಿ ಒಂದೇ ಪದ ಹೇಳು ಎಂದು ಮೊಮ್ಮಗಳು ಕೇಳಿದಳು. ‘ಮರುಕಳಿಸು’ ಎಂದೆ. ಅವಳು ಅದನ್ನು ‘ಮರುಕ, ಅಳಿಸು’ ಎಂದು ಬಿಡಿಸಿಟ್ಟಳು. ಏನು ಹೇಳಲಿ?
— ನಿವೃತ್ತ ಶಿಕ್ಷಕಿ, ಧಾರವಾಡ

ಸಂಪಾದಕರ ಉತ್ತರ:

ಮಾನ್ಯರೇ,

ತಪ್ಪು ನಮ್ಮದು. ಆ ತಲೆಬರಹ ನನ್ನ ಕಣ್ಣೆದುರೇ ಹಾದುಹೋಗಿದೆ, ನಾನೇ ಅದಕ್ಕೆ ಸಹಿ ಹಾಕಿದ್ದೇನೆ. ಹೂಳು ತುಂಬಿದ ಕೆರೆಗೆ ಮತ್ತೆ ನೀರು ಬಂದರೆ ವೈಭವ ಮರಳಿತು ಎನ್ನಬಹುದು, ಮರುಜೀವ ಬಂತು ಎನ್ನಬಹುದು. ಮರುಕಳಿಸಿತು ಎಂದರೆ ಹೂಳೇ ಮತ್ತೆ ತುಂಬಿಕೊಂಡಿತೇನೋ ಎಂಬ ಅನುಮಾನ ನಿಮ್ಮಂಥ ಓದುಗರಿಗೆ ಬರುವುದು ಸಹಜ.

ಮೊಮ್ಮಗಳಿಗೆ ಮೊದಲು ಉತ್ತರಿಸುತ್ತೇನೆ, ಅವಳ ಪದಚ್ಛೇದ ಅಷ್ಟು ಚೆನ್ನಾಗಿದೆ. ಮರುಕ ಹುಟ್ಟಿದ್ದು ಮರುಗುವುದರಿಂದ. ಅದಕ್ಕೂ ಇದಕ್ಕೂ ನಂಟಿಲ್ಲ. ಇಲ್ಲಿರುವುದು ಮರುದಿನ, ಮರುಮಾತು, ಮರುಮುದ್ರಣಗಳ ‘ಮರು’. ಹಳಗನ್ನಡದಲ್ಲಿ ಇದನ್ನು ಶಕಟರೇಫ, ಅಂದರೆ ಈಗ ಬಳಕೆ ತಪ್ಪಿದ ಇನ್ನೊಂದು ‘ರ’ಕಾರ, ಹಾಕಿ ‘ಮಱು’ ಎಂದು ಬರೆಯುತ್ತಿದ್ದರು. ತಮಿಳಿನ ಮರುನಾಳ್, ಅಂದರೆ ಮಾರನೆಯ ದಿನ, ಇದರ ದಾಯಾದಿ. ಮರುಭೂಮಿಯ ‘ಮರು’ ಮಾತ್ರ ಬೇರೆ, ಅದು ಸಂಸ್ಕೃತದ ಮರಳುಗಾಡು. ತರಗತಿಯಲ್ಲಿ ಯಾರಾದರೂ ಅದನ್ನು ‘ಮತ್ತೊಮ್ಮೆ ಭೂಮಿ’ ಎಂದು ಬಿಡಿಸಿಟ್ಟರೆ ಅವಳು ನಗಬಹುದು.

ಇನ್ನು ನಿಮ್ಮ ತಾಯಿಯ ಮಾತು. ನಮ್ಮ ಮನೆಯಲ್ಲೂ ಇದು ರೋಗಿಯ ಕೋಣೆಯ ಪದವೇ ಆಗಿತ್ತು. ವಿಷಮಶೀತ ಜ್ವರ ಬಿಟ್ಟು ನಾಲ್ಕು ದಿನವಾದ ಮೇಲೆ ಹುಡುಗ ಕದ್ದು ಹಲಸಿನ ತೊಳೆ ತಿಂದರೆ, ತಲೆಗೆ ನೀರು ಹಾಕಿಕೊಂಡರೆ, ‘ಮರುಕಳಿಸಿದರೆ ಏನು ಗತಿ?’ ಎಂದು ಅಜ್ಜಿ ಗದರುತ್ತಿದ್ದರು. ಹಲಸಿಗೂ ಜ್ವರಕ್ಕೂ ಏನು ಸಂಬಂಧವೆಂದು ವೈದ್ಯರು ಕೇಳಬಹುದು. ಆದರೆ ಅಜ್ಜಿಗೆ ಗೊತ್ತಿದ್ದ ಒಂದು ಸಂಗತಿಯನ್ನು ವೈದ್ಯರೂ ಒಪ್ಪುತ್ತಾರೆ: ಬಿಟ್ಟಂತೆ ಕಂಡ ಜ್ವರ ಪೂರ್ತಿ ಬಿಟ್ಟಿರಲಿಕ್ಕಿಲ್ಲ.

ಮಲೇರಿಯಾವನ್ನೇ ನೋಡಿ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ರಕ್ತದಿಂದ ಮಾಯವಾದ ಮೇಲೂ ಪಿತ್ತಜನಕಾಂಗದಲ್ಲಿ ನಿದ್ದೆ ಹೊಡೆಯುತ್ತ ಇರಬಲ್ಲದು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ರಕ್ತಕ್ಕಿಳಿಯುತ್ತದೆ. ಮತ್ತೆ ಅದೇ ನಡುಕ, ಅದೇ ಕಂಬಳಿ. ಅದನ್ನು ಬೇರುಸಹಿತ ಕೀಳಲೆಂದೇ ನಮ್ಮಲ್ಲಿ 14 ದಿನ ಪ್ರೈಮಾಕ್ವಿನ್ ಮಾತ್ರೆ ಕೊಡುತ್ತಾರೆ. ಮೂರನೆಯ ದಿನಕ್ಕೇ ಜ್ವರ ಇಳಿಯಿತೆಂದು ಉಳಿದ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯುವವರೂ ಇದ್ದಾರೆ. ಹೊಸ ಸೊಳ್ಳೆ ಕಚ್ಚಿ ಬಂದದ್ದಾದರೆ ‘ಮತ್ತೆ ಬಂತು’. ಒಳಗೇ ಅಡಗಿದ್ದದ್ದು ಎದ್ದರೆ ‘ಮರುಕಳಿಸಿತು’. ಈ ಅಂತರವನ್ನು ಒಂದೇ ಕ್ರಿಯಾಪದದಲ್ಲಿ ಹಿಡಿದಿಟ್ಟುಕೊಂಡ ಭಾಷೆಯಲ್ಲಿ ನಾವು ಜಾತ್ರೆ, ಸಂಭ್ರಮ, ಸುವರ್ಣಯುಗ ಎಲ್ಲವನ್ನೂ ಮರುಕಳಿಸುತ್ತ ಕೂತಿದ್ದೇವೆ. ‘ಇತಿಹಾಸ ಮರುಕಳಿಸುತ್ತದೆ’ ಎಂಬುದನ್ನು ಮಾತ್ರ ನಾನು ಒಪ್ಪಿಕೊಂಡುಬಿಟ್ಟಿದ್ದೇನೆ. ಮರುಕಳಿಸುವ ಇತಿಹಾಸ ಹೆಚ್ಚಾಗಿ ಜ್ವರದ ಜಾತಿಯದೇ ಆಗಿರುತ್ತದೆ.

ಚಟದ ವಿಷಯಕ್ಕೆ ಬಂದರೆ ನಿಮ್ಮ ಉತ್ತರ ಸರಿಯೇ, ಆದರೆ ಒಂದು ತೊಡಕಿದೆ. ಮರುಕಳಿಸುವುದು ರೋಗವೇ ಹೊರತು ರೋಗಿಯಲ್ಲ. ‘ರಾಮಣ್ಣ ಮರುಕಳಿಸಿದ’ ಎಂದರೆ ರಾಮಣ್ಣ ಸತ್ತು ದೆವ್ವವಾಗಿ ಬಂದನೇನೋ ಎಂದು ಕೇಳಿದವರು ಗಾಬರಿಯಾಗುತ್ತಾರೆ. ರಾಮಣ್ಣನ ಕುಡಿತ ಮರುಕಳಿಸಿತು ಎನ್ನಬೇಕು. ಹಾಗೆಂದ ಕೂಡಲೇ ಏನಾಯಿತು ನೋಡಿ: ಕುಡಿತ ಕರ್ತೃವಾಯಿತು, ರಾಮಣ್ಣ ಷಷ್ಠಿಗೆ ಸರಿದು ನಿಂತ. ಮದ್ಯವರ್ಜನ ಶಿಬಿರದಲ್ಲಿ, ಆಸ್ಪತ್ರೆಯಲ್ಲಿ ಇದೇ ನ್ಯಾಯವಾದ ಮಾತು. ವ್ಯಸನವನ್ನು ಮರುಕಳಿಸುವ ಸ್ವಭಾವದ ಕಾಯಿಲೆ ಎಂದೇ ವೈದ್ಯರು ಕಾಣುವುದು.

ಊರಿನ ಕಟ್ಟೆಯ ಮೇಲೆ ಯಾರೂ ಇಷ್ಟು ಉದಾರವಾಗಿ ಮಾತಾಡುವುದಿಲ್ಲ. ಅಲ್ಲಿ ರಾಮಣ್ಣ ‘ಹಳೆಯ ಚಾಳಿಗೆ ಬಿದ್ದ’, ‘ಮತ್ತೆ ಶುರು ಹಚ್ಚಿಕೊಂಡ’. ಬಿದ್ದವನು ಅವನೇ, ಹಚ್ಚಿಕೊಂಡವನೂ ಅವನೇ. ನಾಯಿಯ ಬಾಲವೂ ಬೆನ್ನಿಗೇ ಬರುತ್ತದೆ. ಅಭ್ಯಾಸವನ್ನು ಮಾಡುತ್ತೇವೆ, ಒಳ್ಳೆಯದನ್ನು ರೂಢಿಸಿಕೊಳ್ಳುತ್ತೇವೆ. ಚಟಕ್ಕೆ ಮಾತ್ರ ಬೀಳುತ್ತೇವೆ, ಇಲ್ಲವೇ ಅದು ನಮಗೆ ಹತ್ತುತ್ತದೆ. ಚಾಳಿಯೂ ಚಟವೂ ಒಂದೇ ಅಲ್ಲ. ಉಗುರು ಕಚ್ಚುವುದು, ಸಾಲ ಕೇಳುವುದು, ಎರಡು ಮಾತಿಗೊಮ್ಮೆ ಸುಳ್ಳು ಹೇಳುವುದು ಚಾಳಿ. ಬೆಳಗ್ಗೆ ಎದ್ದ ಕೂಡಲೇ ಮೈಯೇ ಬೇಡುವುದು ಚಟ. ಚಾಳಿಯಲ್ಲಿ ತುಸು ತಮಾಷೆಗೆ ಎಡೆಯಿದೆ, ಚಟದಲ್ಲಿಲ್ಲ.

ಆಸ್ಪತ್ರೆಯ ಮಾತಿಗೂ ಕಟ್ಟೆಯ ಮಾತಿಗೂ ನಡುವೆ ಇನ್ನೊಂದು ಮಾತಿದೆ, ಅದು ನನಗೆ ಅನುಭವದಿಂದ ಗೊತ್ತಿರುವುದು. ಮೂವತ್ತು ವರ್ಷ ಕವಳ ಹಾಕಿ, ಹಲ್ಲಿನ ವೈದ್ಯರು ಕನ್ನಡಿ ತೋರಿಸಿದ ಮೇಲೆ ಹೊಗೆಸೊಪ್ಪು ಬಿಟ್ಟೆ. ಮೂರು ವರ್ಷ ಮುಟ್ಟಲಿಲ್ಲ. ಶಿರಸಿ ಕಡೆಯ ಒಂದು ಮದುವೆ ಮನೆಯಲ್ಲಿ ಊಟವಾಗಿ ಜಗಲಿಯಲ್ಲಿ ಕೂತಿದ್ದೆವು. ಹರಿವಾಣ ಸುತ್ತು ಬಂತು. ಭಾವ ಏನೋ ಜಮೀನಿನ ತಕರಾರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಕೈ ತನ್ನ ಪಾಡಿಗೆ ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಕೆ ಇಟ್ಟು, ಹೊಗೆಸೊಪ್ಪಿನ ಎಸಳನ್ನು ಉಗುರಿನಷ್ಟೇ ಹರಿದುಕೊಂಡಿತ್ತು. ಮಡಚುವಾಗ ನೋಡಿದೆ. ನೋಡಿಯೂ ಬಾಯಿಗಿಟ್ಟುಕೊಂಡೆ, ಸುಳ್ಳು ಹೇಳುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಬೈಯಲಿಲ್ಲ. ‘ಜಾರಿದಿರಿ’ ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಮಾತು ನನ್ನನ್ನು ಉಳಿಸಿತು. ಒಮ್ಮೆ ತಪ್ಪುವುದು ಬೇರೆ, ಪೂರ್ತಿ ಹಳೆಯ ಸ್ಥಿತಿಗೆ ಹೋಗುವುದು ಬೇರೆ ಎಂದು ವ್ಯಸನದ ಚಿಕಿತ್ಸೆ ನೀಡುವವರು ಬಿಡಿಸಿ ಹೇಳುತ್ತಾರೆ. ಮೊದಲನೆಯದಕ್ಕೆ ನಮ್ಮಲ್ಲಿ ಜಾರು, ಎಡವು ಇವೆ. ಎರಡನೆಯದಕ್ಕೆ ಮರುಕಳಿಸು ಇದೆ. ‘ಹೇಗಿದ್ದರೂ ಬಿದ್ದಾಯಿತಲ್ಲ’ ಎಂದುಕೊಂಡಿದ್ದರೆ ಆ ಸಂಜೆಯೇ ಬಸ್ ನಿಲ್ದಾಣದ ಅಂಗಡಿಯಲ್ಲಿ ಒಂದು ಕಟ್ಟು ಕೊಳ್ಳುತ್ತಿದ್ದೆ. ಮೊಮ್ಮಗಳಿಗೆ ಒಂದೇ ಪದ ಸಾಕೆಂದರೆ ನಿಮ್ಮದೇ ಇರಲಿ. ಯಾರ ಬಗ್ಗೆ, ಎಷ್ಟು ಸಿಟ್ಟಿನಲ್ಲಿ ಹೇಳುತ್ತಿದ್ದಾಳೆ ಎಂದು ಕೇಳಿಕೊಂಡು ಉಳಿದವನ್ನೂ ಕೊಡಿ.

ನಿಮ್ಮ ಪತ್ರವನ್ನು ನಮ್ಮ ಉಪಸಂಪಾದಕರಿಗೆ ತೋರಿಸಿದೆ. ತಲೆ ಕೆರೆದುಕೊಂಡು ಓದಿದರು, ಒಪ್ಪಿಕೊಂಡರು, ಇನ್ನು ಬರೆಯುವುದಿಲ್ಲ ಎಂದರು. ಸೋಮವಾರ ಅವರ ಪುಟ ಮೇಜಿಗೆ ಬಂತು. ಮೂರನೆಯ ಅಂಕಣದಲ್ಲಿ, ದಪ್ಪ ಅಕ್ಷರದಲ್ಲಿ: ‘ಸಂಭ್ರಮ ಮರುಕಳಿಸಿದ ರಥೋತ್ಸವ’. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಜಾರಿದಿರಿ’ ಎಂದು ಬರೆದು ವಾಪಸು ಕಳಿಸಿದ್ದೇನೆ.