ಸಿಲುಕಿದ್ದು ಯಾರು? ಸಿರೋನಿ ಲೇಖನದ ಬಗ್ಗೆ

ನಮಸ್ಕಾರ,

ಇಟಲಿಯ ಚಿತ್ರಕಾರ ಮಾರಿಯೊ ಸಿರೋನಿ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಎರಡು ಮಹಾಯುದ್ಧಗಳ ನಡುವಿನ ಇಟಲಿಯ ಕಲೆ ಕುರಿತು ಕನ್ನಡದಲ್ಲಿ ಬರೆಯುವವರು ಕಮ್ಮಿ. ಚೆನ್ನಾಗಿ ಓದಿಕೊಂಡು ಬರೆದಿದ್ದೀರಿ, ಭಾಷೆಯೂ ಹದವಾಗಿದೆ. ಆದರೆ ಕೆಲವು ಕಡೆ ನನಗೆ ಸಿಟ್ಟು ಬಂತು. ಅದನ್ನಷ್ಟೇ ಹೇಳುತ್ತೇನೆ.

ನಿಮ್ಮ ಮೊದಲ ವಾಕ್ಯ: "ಸಿರೋನಿಯ ನಗರಚಿತ್ರಗಳಲ್ಲಿ ಆಧುನಿಕ ಮನುಷ್ಯನ ಒಂಟಿತನ ಮಡುಗಟ್ಟಿದೆ." ಯಾವ ಚಿತ್ರದಲ್ಲಿ? 1920ರಲ್ಲಿ ಬರೆದ, ಟ್ರಕ್ ಇರುವ ನಗರದೃಶ್ಯವನ್ನೇ ತಗೊಳ್ಳಿ. ಬೋಳು ಗೋಡೆಗಳು, ಕಪ್ಪು ಕಿಂಡಿಗಳಂಥ ಕಿಟಕಿಗಳು, ಬೀದಿಯಲ್ಲಿ ಒಂದು ಟ್ರಕ್. ಜನರೇ ಇಲ್ಲ. ಇಷ್ಟು ಬರೆದಿದ್ದರೆ ಒಂಟಿತನ ಓದುವವರಿಗೇ ತಟ್ಟುತ್ತಿತ್ತು, ಅಲ್ವಾ? ಮುಂದಿನ ವಾಕ್ಯದಲ್ಲಿ "ಬಣ್ಣಗಳ ವಿಷಾದ" ಅಂದಿದ್ದೀರಿ. ಕಂದು, ಕಪ್ಪು, ಬೂದಿ ಅಂತ ಬರೆಯಲು ಏನಡ್ಡಿ?

ಎರಡನೆಯದು ನನ್ನನ್ನು ಜಾಸ್ತಿ ಕಾಡಿದ್ದು. "ಅಂದಿನ ರಾಜಕೀಯ ಒತ್ತಡಕ್ಕೆ ಕಲಾವಿದರು ಸಿಲುಕಬೇಕಾಯಿತು." ಸಿರೋನಿ ಸಿಲುಕಲಿಲ್ಲ. ತಾನಾಗಿಯೇ ನಡೆದುಹೋದ. ಫ್ಯಾಸಿಸ್ಟ್ ನಾಯಕ ಮುಸೊಲಿನಿ ಶುರು ಮಾಡಿದ ಪತ್ರಿಕೆಗೆ ವರ್ಷಗಟ್ಟಲೆ ರಾಜಕೀಯ ಚಿತ್ರ ಬರೆದ. 1932ರಲ್ಲಿ ರೋಮಿನಲ್ಲಿ ನಡೆದ ಫ್ಯಾಸಿಸ್ಟ್ ಕ್ರಾಂತಿಯ ಪ್ರದರ್ಶನಕ್ಕೆ ಕೋಣೆಗಳನ್ನು ರೂಪಿಸಿದ. ಮರುವರ್ಷ ಭಿತ್ತಿಚಿತ್ರದ ಪ್ರಣಾಳಿಕೆ ಬರೆದು, ಚಿತ್ರಕಾರರಾದ ಕಾರ್ರಾ, ಕಂಪೀಲಿ, ಫೂನಿ ಜೊತೆ ಸಹಿ ಹಾಕಿದ. ಇದೆಲ್ಲ ನಿಮಗೆ ಗೊತ್ತು, ಟಿಪ್ಪಣಿಗಳಲ್ಲಿ ಇದೆ. ಲೇಖನದೊಳಗೆ ಯಾಕೆ ಬರಲಿಲ್ಲ?

"1926ರಲ್ಲಿ ಮಿಲಾನಿನಲ್ಲಿ ನೊವೆಚೆಂತೊ ಪ್ರದರ್ಶನ ಏರ್ಪಡಿಸಲಾಯಿತು" ಅನ್ನುವುದೂ ಹಾಗೇ. ನೊವೆಚೆಂತೊ ಅಂದರೆ ಸಿರೋನಿಯೂ ಇದ್ದ ಕಲಾವಿದರ ಬಳಗ. ಅದರ ಹಿಂದಿದ್ದವಳು ಕಲಾವಿಮರ್ಶಕಿ ಮಾರ್ಗೆರೀತಾ ಸರ್ಫಾತ್ತಿ. ಉದ್ಘಾಟನೆಯ ಭಾಷಣ ಮುಸೊಲಿನಿಯದೇ. ಅವನ ಜೀವನಚರಿತ್ರೆ ಬರೆದವಳೂ ಅವಳೇ. ಯಹೂದಿ ಹೆಂಗಸು. 1938ರಲ್ಲಿ ಯಹೂದಿಗಳ ವಿರುದ್ಧ ಮುಸೊಲಿನಿ ಸರ್ಕಾರದ ಜನಾಂಗ ಕಾನೂನು ಬಂದಾಗ ದೇಶ ಬಿಡಬೇಕಾಯಿತು. ಸಿಲುಕಿದರು ಅನ್ನುವ ಮಾತು ಅವಳಿಗೆ ಒಪ್ಪುತ್ತದೆ, ಅದೂ ತಾನೇ ಕಟ್ಟಲು ಕೈಹಾಕಿದ್ದರಲ್ಲಿ.

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಉಪಸಂಪಾದಕರ ಮೇಜಿನ ಪಕ್ಕ ಕೂತು. ಕರಡು ತಿದ್ದುವಾಗ ಮಾಡಿದವನ ಹೆಸರಿಲ್ಲದ ವಾಕ್ಯ ಸಿಕ್ಕರೆ ಸಾಕು, ಅಂಚಿನಲ್ಲಿ ಕೆಂಪು ಪೆನ್ನಿನಿಂದ "ಯಾರು?" ಅಂತ ಬರೆಯುತ್ತಿದ್ದರು. ಮಂತ್ರಿಯ ಭಾಷಣವಾಗಲಿ, ಊರಹಬ್ಬದ ವರದಿಯಾಗಲಿ, ಬಿಡುತ್ತಿರಲಿಲ್ಲ. ಉತ್ತರ ಸಿಗುವವರೆಗೆ ಆ ಹಾಳೆ ಅಚ್ಚಿಗೆ ಹೋಗುತ್ತಿರಲಿಲ್ಲ. ನಿಮ್ಮ ಹಾಳೆಯ ಅಂಚಿನಲ್ಲಿ ನಾನೂ ಅದನ್ನೇ ಬರೆದಿದ್ದೇನೆ.

ಕೊನೆಯ ಪುಟದಲ್ಲಂತೂ ಒಳ್ಳೆಯ ಸಂಗತಿಯನ್ನೇ ಹಾಳು ಮಾಡಿದ್ದೀರಿ. 1945ರ ಏಪ್ರಿಲ್‌ನಲ್ಲಿ ಸಿರೋನಿ ಪಾರ್ಟಿಸಾನರ, ಅಂದರೆ ಫ್ಯಾಸಿಸ್ಟರ ವಿರುದ್ಧ ಬಂದೂಕು ಹಿಡಿದವರ, ಕೈಗೆ ಸಿಕ್ಕಿಬಿದ್ದ. "ಅದೃಷ್ಟವಶಾತ್ ಜೀವ ಉಳಿಯಿತು" ಅಂತೀರಿ. ಉಳಿಸಿದ್ದು ಅದೃಷ್ಟವಲ್ಲ, ಜಾನ್ನಿ ರೊದಾರಿ. ಮುಂದೆ ಮಕ್ಕಳ ಕಥೆಗಾರನಾಗಿ ಹೆಸರಾದ ಕಮ್ಯುನಿಸ್ಟ್. ಗುರುತು ಹಿಡಿದು ಬಿಡಿಸಿದ. ಈ ಹೆಸರನ್ನು ಹೇಗೆ ಬಿಟ್ಟಿರಿ?

ಫ್ಯೂಚರಿಸಂ, ಅಂದರೆ ಯಂತ್ರ, ವೇಗಗಳನ್ನು ಮೆಚ್ಚಿದ ಇಟಲಿಯ ಕಲಾಚಳವಳಿ, ಕುರಿತ ಭಾಗ ಹಾಗೇ ಇರಲಿ. ಮೊದಲ ಪುಟ ಟ್ರಕ್‌ನಿಂದ ಶುರು ಮಾಡಿ, ನಾನು ಗುರುತು ಹಾಕಿದ ಕಡೆಯೆಲ್ಲ ಹೆಸರು ತುಂಬಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.